ಕುಂಟಿ ನೋಡಿದ ಜಾಗಗಳು

ನನ್ನ ಸೋದರಮಾವನಷ್ಟು ಕಾರ್ಖಾನೆಗಳನ್ನು ಬೇಡವೆಂದ ಉದ್ಯಮಿ ಶಿವಮೊಗ್ಗದಲ್ಲೇ ಇನ್ನೊಬ್ಬರಿಲ್ಲ! ಒಂದನ್ನೂ ಕಟ್ಟಲಿಲ್ಲ ಎಂಬುದು ಬೇರೆ ಮಾತು.

ಭದ್ರಾವತಿಯ ಸಣ್ಣದೊಂದು ವರ್ಕ್‌ಶಾಪಿನಲ್ಲಿ ಅವರು ಸೂಪರ್‌ವೈಸರ್. ಅದು ಬಾಗಿಲು ಹಾಕಿದ ದಿನ ಕೈಕೆಳಗಿದ್ದ ಮೂವರಿಗೆ (ಲೇತ್ ನಡೆಸುತ್ತಿದ್ದ ಸೆಲ್ವಂ, ಒಬ್ಬ ವೆಲ್ಡರ್, ಒಬ್ಬ ಡ್ರಿಲ್ಲಿಂಗಿನವನು) "ಪಂಪಿನ ಬಿಡಿಭಾಗ ಮಾಡೋಕೆ ನಮ್ಮದೇ ಶೆಡ್ ಹಾಕ್ತೀನಿ, ನೀವು ಮೂವರೂ ಬನ್ನಿ" ಎಂದು ಮಾತು ಕೊಟ್ಟುಬಿಟ್ಟರು. ಮೂವರಿಗೂ ಐವತ್ತು ದಾಟಿತ್ತು. ಬೇರೆಲ್ಲೂ ಕರೆಯುವವರಿರಲಿಲ್ಲ.

ಶುರುವಾಯಿತು ನೋಡಿ ಜಾಗದ ಬೇಟೆ! ಸವಳಂಗ ರಸ್ತೆಯ ಶೆಡ್ಡಿಗೆ ನನ್ನನ್ನೂ ಕರೆದೊಯ್ದರು. ಬ್ರೋಕರು ತ್ರೀ ಫೇಸ್ ಕರೆಂಟು, ಬೋರು, ಲಾರಿ ತಿರುಗುವಷ್ಟು ಅಂಗಳ ಎಲ್ಲ ವರ್ಣಿಸುತ್ತಿದ್ದರೆ, ಮಾವ ಬಸ್ ಸ್ಟಾಪಿಗೆ ಹೋಗಿ ಅಲ್ಲಿಂದ ಕುಂಟುತ್ತಾ ಬರತೊಡಗಿದರು.

"ಅಯ್ಯೋ, ಬಿದ್ರಾ ಸಾರ್?"

"ಇಲ್ಲ ಮಾರಾಯ. ನಮ್ಮ ಸೆಲ್ವಂ ಮೊಣಕಾಲು ಹೀಗೇ ಇರೋದು."

ಆಮೇಲೆ ಒಳಗೆ ಹೋಗಿ ಎಡಗಣ್ಣು ಮುಚ್ಚಿ ನಿಂತರು. ವೆಲ್ಡರನಿಗೆ ಆ ಕಣ್ಣಲ್ಲಿ ಪೊರೆಯಂತೆ! "ಕತ್ತಲೆ. ಬೇಡ." (ನನ್ನ ಡೈರಿಯಲ್ಲಿ ಎಡಗಣ್ಣು ಎಂದಿದೆ, ನೆನಪಿನಲ್ಲಿ ಬಲಗಣ್ಣು. ಯಾವುದನ್ನು ನಂಬಲಿ?) ಹೊಳಲೂರಿನ ಜಾಗ ಬೇಡವಾದದ್ದು ಭದ್ರಾವತಿಯಿಂದ ಎರಡು ಬಸ್ ಹತ್ತಬೇಕೆಂದು. ನಾನು ಕಾಲೇಜಿನಲ್ಲಿ ಓದಿದ ಪಠ್ಯದಲ್ಲಿ ಕಾರ್ಖಾನೆಯ ಜಾಗಕ್ಕೆ ಕಚ್ಚಾವಸ್ತು, ಸಾಗಣೆ, ಮಾರುಕಟ್ಟೆ ಎಂದೆಲ್ಲ ಇತ್ತು. ಸೆಲ್ವಂನ ಮೊಣಕಾಲು ಯಾವ ಅಧ್ಯಾಯದಲ್ಲೂ ಇರಲಿಲ್ಲ.

ಜಾಗವಿಲ್ಲದಿದ್ದರೇನು, ಒಳಗಿನ ವ್ಯವಸ್ಥೆ ತಯಾರಾಗಬೇಡವೇ? ವಿದ್ಯಾನಗರದ ತಮ್ಮ ಮನೆಯ ತಾರಸಿಯಲ್ಲಿ ಸೀಮೆಸುಣ್ಣದಿಂದ ಕುದುರೆಲಾಳದ ಆಕಾರ ಬರೆದು, ಯಂತ್ರಗಳ ಜಾಗದಲ್ಲಿ ನಮ್ಮನ್ನು ನಿಲ್ಲಿಸಿದರು. "ಮಾಲು ನಡೀಬೇಕು, ಮನುಷ್ಯ ನಡೀಬಾರದು!" ನಾನು ಡ್ರಿಲ್ಲಿಂಗ್ ಯಂತ್ರ, ಅತ್ತೆ ವೆಲ್ಡಿಂಗ್. ಒಂದು ಹಿತ್ತಾಳೆ ತಂಬಿಗೆಯನ್ನು ಕೈಯಿಂದ ಕೈಗೆ ದಾಟಿಸುತ್ತಾ ಅರ್ಧ ಗಂಟೆ ಬಿಸಿಲಲ್ಲಿ ನಿಂತೆವು.

"ರೀ, ವೆಲ್ಡಿಂಗ್ ಮೆಷಿನ್ನು ಸಾರಿಗೆ ಒಗ್ಗರಣೆ ಹಾಕಿ ಬರ್ತದೆ," ಎಂದರು ಅತ್ತೆ.

"ಹೋಗು. ಬ್ರೇಕ್‌ಡೌನ್ ಅಂತ ಬರ್ಕೋತೀನಿ."

ನಕ್ಕೆವು. ನಾನೂ ನಕ್ಕಿದ್ದೆ ಎಂದು ಬರೆಯಲು ಈಗ ಕೈ ಹಿಂಜರಿಯುತ್ತದೆ.

ಯಾಕೆಂದರೆ ಆ ಮಳೆಗಾಲದಲ್ಲೇ ವೆಲ್ಡರ್ ತೀರಿಕೊಂಡ. ಮಣ್ಣು ಮಾಡಿ ಬಂದ ಮಾವ ಸ್ನಾನ ಮುಗಿಸಿ ತಾರಸಿಗೆ ಹೋಗಿ, ಒದ್ದೆ ಬಟ್ಟೆಯಿಂದ ಅವನ ಜಾಗ ಒರೆಸಿ, ಉಳಿದಿಬ್ಬರನ್ನು ಹತ್ತಿರ ಮಾಡಿ ಬರೆದರು. ಮರುವರ್ಷ ಡ್ರಿಲ್ಲಿಂಗಿನವನು ಕಾದು ಸಾಕಾಗಿ ಮಗಳ ಮನೆಗೆಂದು ಹೊಸೂರಿಗೆ ಹೊರಟುಹೋದ. ಮತ್ತೆ ಒದ್ದೆ ಬಟ್ಟೆ, ಮತ್ತೆ ಹೊಸ ನಕ್ಷೆ. "ಯಾವುದೋ ಒಂದು ಜಾಗ ಒಪ್ಕೊಳ್ಳಿ ಮಾವ, ಉಳಿದಿರೋ ಸೆಲ್ವಂ ಇನ್ನೆಷ್ಟು ದಿನ ಕಾಯ್ತಾನೆ?" ಎಂದು ನಾನು ರೇಗಿದೆ. ಅಥವಾ ರೇಗಬೇಕೆಂದುಕೊಂಡು ಸುಮ್ಮನಿದ್ದೆನೋ!

ಕೊನೆಗೂ ಸಿಕ್ಕಿತು. ಭದ್ರಾವತಿಯ ಅಂಚಿನಲ್ಲಿ, ಬಸ್ ಸ್ಟಾಪಿಗೆ ಅಂಟಿದ ಶೆಡ್ಡು. ಕುಂಟಿದರೂ ನಲವತ್ತೇ ಹೆಜ್ಜೆ! ಮಾವ ಬ್ರೋಕರನನ್ನು ತಬ್ಬಿಕೊಂಡೇಬಿಟ್ಟರು. ನೇರ ಸೆಲ್ವಂ ಮನೆಗೆ ಹೋದೆವು.

ಸೆಲ್ವಂ ಮಂಚದ ಮೇಲಿದ್ದ. ಸಕ್ಕರೆ ಕಾಯಿಲೆ ಏರಿ, ಹಿಂದಿನ ವಾರ ಆ ಕಾಲನ್ನು ತೊಡೆಯವರೆಗೆ ತೆಗೆದಿದ್ದರು. ನಮಗೆ ಹೇಳಿ ಕಳಿಸಿರಲಿಲ್ಲ.

"ಜಾಗ ಸಿಕ್ತು ಅಂತ ಹೇಳೋಕೆ ಬಂದ್ರಾ ಸಾರ್?" ಎಂದ. ಮುಖದಲ್ಲಿ ನಗುವಿತ್ತು.

ಮಾವ ಮಂಚದ ಪಕ್ಕ ನೆಲದ ಮೇಲೆ ಕುಳಿತು, ಔಷಧಿ ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯತೊಡಗಿದರು. ನಡುವೆ ಒಂದು ಕುರ್ಚಿ, ಸುತ್ತಲೂ ಲೇತು, ಡ್ರಿಲ್ಲು, ವೆಲ್ಡಿಂಗು. "ನೋಡೋ, ಎದ್ದೇಳೋ ಕೆಲಸವೇ ಇಲ್ಲ. ಎಲ್ಲಾ ಕೂತಲ್ಲಿಗೇ ಬರುತ್ತೆ."

ಸೆಲ್ವಂ ಚೀಟಿಯನ್ನು ಬಹಳ ಹೊತ್ತು ನೋಡಿದ. "ಎಲ್ಲಾ ಸರಿ ಸಾರ್. ಇದರಲ್ಲಿ ನೀವೆಲ್ಲಿ?"

ಆಗ ನನಗೂ ಹೊಳೆಯಿತು. ಅಷ್ಟು ನಕ್ಷೆಗಳಲ್ಲಿ ಒಂದರಲ್ಲೂ ಮಾವ ತಮಗೊಂದು ಜಾಗ ಬರೆದುಕೊಂಡಿರಲಿಲ್ಲ.

ಸೆಲ್ವಂ ಪೆನ್ಸಿಲು ಇಸಿದುಕೊಂಡು ತನ್ನ ಕುರ್ಚಿಗೆ ತಾಗಿ ಇನ್ನೊಂದು ಕುರ್ಚಿ ಬರೆದ.

ಮಾವ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇಷ್ಟು ಹತ್ತಿರ ಕೂತ್ರೆ ಕೈಗೆ ಕೈ ತಗಲುತ್ತಲ್ಲೋ, ಕೆಲಸ ಹೇಗಾಗುತ್ತೆ?"

"ತಗಲ್ಲಿ ಬಿಡಿ ಸಾರ್."