ಅರ್ಧ ದಿನದ ಹಂಪಿ

ಕಮಲಾಪುರದಾಗ ಆಟೋ ಹೊಡಿಯೋನು ನಾನು. ಹಂಪಿಗೆ ಮೊದಲ ಸಲ ಬಂದವ್ರು ದಿನಾ ಒಬ್ರಾದ್ರೂ ನನ್ನ ಜೊತಿ ಜಗಳ ತೆಗೀತಾರ. ಯಾಕಂದ್ರ ಹೊಸಪೇಟ್ಯಾಗ ಅವ್ರು ಇಳ್ಕೊಳ್ಳೋ ಲಾಡ್ಜಿನ ಮ್ಯಾನೇಜರ್ 'ಹಂಪಿ ದರ್ಶನ, ಅರ್ಧ ದಿನ' ಅಂತ ಬೋರ್ಡ್ ಬರ್ಸ್ಯಾನ. ಅರ್ಧ ದಿನದಾಗ ನಾ ತೋರ್ಸಂಗಿಲ್ಲ. "ಹಿಂಗಾದ್ರ ನಿನ್ನ ಆಟೋಕ್ಕ ಜನ ಕಳಿಸಂಗಿಲ್ಲ" ಅಂತಾನ ಆತ. ಕಳಿಸ್ಬ್ಯಾಡ ಬಿಡು, ಅಂದೆ. ಹೊಟ್ಟಿಪಾಡು ಹೌದು, ಆದ್ರ ಓಡಿಸಿ ಓಡಿಸಿ ಹಂಪಿ ತೋರ್ಸೋದು ನನ್ನ ಕೈಲಿ ಆಗಂಗಿಲ್ಲ.

ಇಳಿಯಂಗಿಲ್ಲ ಅಂದವ್ರು

ಒಂದು ಕುಟುಂಬ ಹತ್ತಿತು. ಮೊಬೈಲಿನಾಗ ಮೂವತ್ತು ಜಾಗದ ಪಟ್ಟಿ. "ಎಲ್ಲೂ ನಿಲ್ಲಿಸ್ಬೇಡಪ್ಪ, ನಿಧಾನಕ್ಕೆ ಓಡ್ಸು, ಕೂತಲ್ಲೇ ಫೋಟೋ ತಗೋತೀವಿ" ಅಂದ ಯಜಮಾನ. ಉಗ್ರನರಸಿಂಹನ ಹತ್ರ ಆಟೋ ನಿಲ್ಲಿಸಿ ಚಾವಿ ಜೇಬಿಗೆ ಹಾಕ್ಕೊಂಡೆ. "ಇಳಿದು ನೋಡಿ ಬರ್ರಿ, ಚಾವಿ ಆಮ್ಯಾಲೆ." ಬೈಗುಳ ಶುರುವಾತು. ಅಷ್ಟ್ರಾಗ ಆತನ ತಾಯಿ ಒಬ್ಬಾಕಿನೇ ಇಳಿದು ಹೋಗಿ, ಭಾಳ ಹೊತ್ತು ಮೂರ್ತಿ ನೋಡಿ ಬಂದು ಮಗನಿಗೆ ಹೇಳಿದ್ಲು: "ನಿಮ್ಮಪ್ಪನಿಗಿಂತ ಸಿಟ್ಟಿನ ಮುಖ ಲೋಕದಲ್ಲೇ ಇಲ್ಲ ಅಂದ್ಕೊಂಡಿದ್ದೆ. ಇವತ್ತು ಸಮಾಧಾನ ಆಯ್ತು ಕಣೋ."

ಜಿಮ್ಮಿನವ

ಇನ್ನೊಬ್ಬ, ಚಪ್ಪಲಿ ಯಾರಾದ್ರೂ ಕದ್ದಾರು ಅಂತ ಆಟೋದಾಗೇ ಬಿಟ್ಟು ಕೃಷ್ಣನ ಗುಡಿಗೆ ಹೊಂಟ. "ಮಧ್ಯಾಹ್ನ ಕಲ್ಲು ಕಾದಿರ್ತದ, ಬ್ಯಾಡ್ರಿ" ಅಂದೆ. "ನಾನು ದಿನಾ ಜಿಮ್‌ಗೆ ಹೋಗೋನು" ಅಂದ. ತಾಸಾದ್ರೂ ಬರ್ಲಿಲ್ಲ. ಹೋಗಿ ನೋಡಿದ್ರ, ಅಂಗಳದಾಗ ಒಂಟಿ ಕಂಬದ ನೆರಳಿಗೆ ನಿಂತಾನ, ನೆರಳು ಸರಿದಂಗ ತಾನೂ ಸರಿಲಿಕ್ಕತ್ಯಾನ. ಚಪ್ಪಲಿ ಕೊಟ್ಟು, "ಹೆಂಗೈತ್ರಿ ಗುಡಿ?" ಅಂದೆ. "ಗುಡಿ ಗೊತ್ತಿಲ್ಲ. ಈ ಕಂಬದಲ್ಲಿ ಹದಿನಾರು ಹೂವಿವೆ, ಮೂರು ಸಲ ಎಣಿಸಿದೆ."

ಮ್ಯಾನೇಜರನ ಬೀಗರು

ಕಡೀಗೆ ಮ್ಯಾನೇಜರ್ ತಾನೇ ಬಂದ, ಹೊಸ ಬೀಗರನ್ನ ಕರ್ಕೊಂಡು. "ನಾ ಹುಟ್ಟಿದ್ದೇ ಹೊಸಪೇಟ್ಯಾಗ, ಹಂಪಿ ಅಂದ್ರ ನಮ್ಮ ಹಿತ್ತಲ ಇದ್ದಂಗ್ರಿ" ಅಂತ ದಾರಿ ತುಂಬ ಕೊಚ್ಕೊಂಡ. ವಿರೂಪಾಕ್ಷನ ದರ್ಶನ ಆಗೋದ್ರಾಗ ಮಧ್ಯಾಹ್ನ ಆತು. ಬೀಗರು "ಮುಂದೇನೈತ್ರಿ?" ಅಂದ್ರು. ಆತ ನನ್ನ ಮಾರಿ ನೋಡಿದ. ನನಗ ತಿಳೀತು: ಮದುವಿ, ಜವಳ ಅಂತ ಈ ಗುಡಿಗೆ ಬಂದಾನ, ಅದರಾಚಿ ಹೆಜ್ಜಿ ಇಟ್ಟಿಲ್ಲ.

ಆಟೋನ ಸೀದಾ ಹೊಸಪೇಟಿ ಕಡಿಗೆ ತಿರುಗಿಸಿದೆ.

"ಎಲ್ಲಿಗೆ ಹೊಂಟಿ?"

"ಅರ್ಧ ದಿನ ಮುಗೀತಲ್ರಿ. ನಿಮ್ಮ ಬೋರ್ಡಿನಾಗ ಐತಿ."

ಆತ ನನ್ನ ಕಿವಿ ಹತ್ರ ಬಾಯಿ ತಂದ. "ಲೇ, ಬೀಗರ ಮುಂದ ಮಾನ ಕಳೀಬ್ಯಾಡೋ. ತಿರುಗಿಸು."

"ಬೋರ್ಡ್?"

"ಅಳಿಸ್ತೀನೋ ಮಾರಾಯ."

ತಿರುಗಿಸಿದೆ. ಸಂಜಿಮುಂದ ವಿಠ್ಠಲನ ಗುಡ್ಯಾಗ ಬೀಗರು ಗಡಿಯಾರ ನೋಡಿ, "ಬಸ್ಸಿಗೆ ಹೊತ್ತಾತು, ಏಳ್ರಿ" ಅಂದ್ರು. ಕಲ್ಲಿನ ರಥದ ಮುಂದ ಚಕ್ಕಳಮಕ್ಕಳ ಹಾಕ್ಕೊಂಡು ಕುಂತಿದ್ದ ಮ್ಯಾನೇಜರ್ ಅಲುಗಾಡ್ಲಿಲ್ಲ.

"ನೀವು ಹೋಗಿ ಬರ್ರಿ ಬೀಗರ. ನಾ ಇನ್ನೂ ಅರ್ಧಾನೂ ನೋಡಿಲ್ಲ."