ಕೋಟೆ ದಾಟದ ಫೋನ್ ನಂಬರು

"ರೀ, ಕೊನೇಲಿ ಇನ್ನೂ ಆರೇ ಇದೆ! ಏಳು ಮಾಡಿ ಅಂತ ಎಷ್ಟು ಸಲ ಬಡ್ಕೊಳ್ಳೋದು?"

ಹೆಂಡತಿಯ ಆರ್ಭಟಕ್ಕೆ ಕೋಟೆಪ್ಪ ತಲೆ ಕೆರೆದುಕೊಂಡ. ಕಚೇರಿಯ ಕಂಪ್ಯೂಟರುಗಳ ಸುತ್ತ ಕೋಟೆಯಂತಿರುವ ಫೈರ್‌ವಾಲ್ ಕಾಯುವ ಕೆಲಸ ಅವನದು. ಅಡ್ಡಹೆಸರು ಅಲ್ಲೇ ಅಂಟಿದ್ದು. ನಾಳೆಯಿಂದ ಹೆಂಡತಿಯ ಹೊಲಿಗೆ ತರಗತಿ ಶುರು. ಹಜಾರದಲ್ಲಿ ನಾಲ್ಕು ಮಷೀನು ಎಣ್ಣೆ ಕುಡಿದು ಸಜ್ಜಾಗಿ ನಿಂತಿವೆ. ಆದರೆ ವೆಬ್‌ಸೈಟ್ ತೆರೆದು ನಾಲ್ಕು ದಿನವಾದರೂ ಒಬ್ಬರ ಫೋನೂ ಇಲ್ಲ. ಬೆಳಿಗ್ಗೆ ನೋಡಿದರೆ ಅಲ್ಲಿ ಹಾಕಿದ ಫೋನ್ ನಂಬರಿನ ಕೊನೆಯ ಅಂಕಿಯೇ ತಪ್ಪು! (ಟೈಪು ಮಾಡಿದ ಮಹಾನುಭಾವ ಯಾರೆಂದು ಬೇರೆ ಹೇಳಬೇಕಿಲ್ಲವಷ್ಟೆ.)

ಅವನು ತಿದ್ದಿದ್ದ. ದೇವರಾಣೆಗೂ ತಿದ್ದಿದ್ದ, ಅದೂ ಮೂರು ಸಲ. ಜಪ್ಪಯ್ಯ ಎಂದರೂ ಪರದೆಯ ಮೇಲಿನ ಆರು ಅಲ್ಲಾಡಲೊಲ್ಲದು.

"ನೋಡು, ಬ್ರೌಸರ್ ಹಳೇ ಪುಟಾನ ತನ್ನ ಹತ್ರಾನೇ ಇಟ್ಕೊಂಡಿರತ್ತೆ. ಮತ್ತೆ ತೆಗೆದಾಗ, 'ಇಂಥಾ ದಿನದಿಂದ ಈಚೆಗೆ ಏನಾದ್ರೂ ಬದಲಾಗಿದ್ಯಾ?' ಅಂತ ವೆಬ್‌ಸೈಟ್ ಇರೋ ಸರ್ವರ್‌ನ ಕೇಳತ್ತೆ. ಇಲ್ಲ ಅಂದ್ರೆ ಹಳೇದನ್ನೇ ತೋರ್ಸತ್ತೆ."

"ಬದಲಾಗಿದೆ ಅಂತೀರಲ್ಲ! ಮತ್ತೆ ಇಲ್ಲ ಅಂತ ಹೇಳ್ತಿರೋದು ಯಾರು?"

ಅದೇ ತಿಳಿಯದೆ ಅವನ ತಲೆ ಗಿರ್ರೆಂದಿತು. ಆ ಪುಟವನ್ನು ಮುಂಚೆ ತೆರೆದಿದ್ದ ಇನ್ನೊಂದು ಬ್ರೌಸರಿನಲ್ಲಿ ನೋಡಿದ, ಇನ್ನೊಂದು ಕಂಪ್ಯೂಟರಿನಲ್ಲೂ ನೋಡಿದ. ಅದೇ ಆರು. ತಾನು ತಿದ್ದಿದ್ದು ನಿಜವೋ ಕನಸೋ ಎಂದು ಅವನಿಗೇ ಅನುಮಾನ ಶುರುವಾಯಿತು. ಆಮೇಲೆ ನೆನಪಾಗಿ ಬೆವರಿದ. ಹೋದ ವಾರ ಮನೆಗೂ ಒಂದು ಫೈರ್‌ವಾಲ್ ಕೂರಿಸಿ, ಇಂಟರ್ನೆಟ್ ಚುರುಕಾಗಲೆಂದು ಅದಕ್ಕೆ ಘನವಾದ ರಾಜಾಜ್ಞೆ ಹೊರಡಿಸಿದ್ದ: ಬ್ರೌಸರ್ ಕೇಳುವ ಆ ಪ್ರಶ್ನೆಯನ್ನು ಹೊರಗೇ ಬಿಡಬೇಡ, 'ಬದಲಾಗಿಲ್ಲ' ಎಂದು ನೀನೇ ಹೇಳಿಬಿಡು! ವಿಧಿಯಿಲ್ಲದೆ ಹೆಂಡತಿಗೂ ಹೇಳಿದ.

"ವಿಚಾರಿಸದೇನೇ ಇಲ್ಲ ಅನ್ನೋದು. ಥೇಟ್ ನಿಮ್ಮ ಹಾಗೇ!"

ಆಜ್ಞೆ ರದ್ದಾಯಿತು, ಏಳು ಪ್ರತ್ಯಕ್ಷವಾಯಿತು. ಕೋಟೆಪ್ಪ ದಿಗ್ವಿಜಯದ ನಗೆ ಬೀರಿದ.

"ಸರಿ, ನಾಲ್ಕು ದಿನ ಆ ಆರಕ್ಕೆ ಫೋನ್ ಮಾಡಿದೋರ ಗತಿ? ಅದ್ಯಾರೋ ಪುಣ್ಯಾತ್ಮರನ್ನ ಕೇಳೇ ಬಿಡ್ತೀನಿ" ಎಂದು ಅವಳು ತಪ್ಪು ನಂಬರನ್ನು ಒತ್ತಿದಳು.

ಕೋಟೆಪ್ಪನ ಜೇಬು ರಿಂಗಾಯಿತು.

ಮದುವೆಯ ಹೊಸತರಲ್ಲಿ ಹಟ ಹಿಡಿದು, ಅವಳಿಗೆ ಏಳು ತನಗೆ ಆರು ಎಂದು ಕೊನೆಯ ಅಂಕಿ ಮಾತ್ರ ಬೇರೆಯಾದ ಜೋಡಿ ನಂಬರು ಕೊಂಡವನು ಅವನೇ. ಹೆಸರು ನೋಡಿ ಒತ್ತುವ ಹೆಂಡತಿಗೆ ಗಂಡನ ನಂಬರು ಗೊತ್ತಿಲ್ಲದಿರಬಹುದು, ಅವನಿಗಾದರೂ ಗೊತ್ತಿರಬೇಡವೇ? ಅವಳು ಫೋನು ಕಿತ್ತುಕೊಂಡು ನೋಡಿದಳು. ಗುರುತಿಲ್ಲದವರ ಕರೆಗಳನ್ನು ತಾನೇ ಕತ್ತರಿಸುವಂತೆ ಅದಕ್ಕೂ ಆಜ್ಞೆಯಾಗಿತ್ತು. ಕತ್ತರಿಸಿದ್ದು ಒಟ್ಟು ನಲವತ್ತಮೂರು.

"ಅದು... ಸುಮ್ನೆ ಕಾಟ ಕೊಡೋರು ಇರ್ತಾರಲ್ಲ ಅಂತ..."

"ಕೂತ್ಕೊಳ್ಳಿ. ಒಬ್ಬೊಬ್ಬರಿಗೂ ನೀವೇ ವಾಪಸ್ ಮಾಡಿ."

ಕೋಟೆಪ್ಪ ಗಂಟಲು ಸರಿಮಾಡಿಕೊಂಡು ಮೊದಲನೆಯ ನಂಬರಿಗೆ ಫೋನ್ ಮಾಡಿದ. ಗುರುತಿಲ್ಲದ ಕರೆಯೆಂದು ಆ ಕಡೆಯ ಫೋನು ಅದನ್ನು ಪಟ್ಟನೆ ಕತ್ತರಿಸಿತು.