ಹೊಲಿಗೆ ಮೆಷಿನ್ನಿನಲ್ಲಿ ಹೊಯ್ಸಳರ ಕಂಬ

ಹಳೇಬೀಡಿನ ದೇವಸ್ಥಾನದ ಕಂಬಗಳು ಅಷ್ಟು ದುಂಡಗೆ, ಅಷ್ಟು ನುಣ್ಣಗೆ ಹೇಗಾದವು ಎಂಬುದನ್ನು ಒಂದು ಹೊಲಿಗೆ ಮೆಷಿನ್ನು, ಒಂದು ಬಟ್ಟೆ ಸೋಪು ಮತ್ತು ಒಂದು ತರಕಾರಿ ಹೆಚ್ಚುವ ಚಾಕುವಿನ ನೆರವಿನಿಂದ ಅರ್ಧ ಗಂಟೆಯಲ್ಲಿ ಮಕ್ಕಳಿಗೆ ತೋರಿಸಿಕೊಡಬಹುದೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಥಿಯರಿಯಲ್ಲಿ ಈಗಲೂ ತಪ್ಪಿಲ್ಲ. ಪ್ರಾಕ್ಟಿಕಲ್ಸ್‌ನಲ್ಲಿ ನಾನು ಫೇಲ್.

ಹಳೇಬೀಡಿನ ನಮ್ಮ ಮನೆಯಿಂದ ಹಗರೆ ರಸ್ತೆಯಲ್ಲಿ ಒಂದು ಮೈಲಿ ಹೋದರೆ ಒಂದು ಸರ್ಕಾರಿ ಪ್ರೈಮರಿ ಶಾಲೆ ಇದೆ. ನಲವತ್ತು ಮಕ್ಕಳು, ಇಬ್ಬರು ಟೀಚರು. ತಿಂಗಳಿಗೊಂದು ಶನಿವಾರ ಮಕ್ಕಳು ಬ್ಯಾಗ್ ತರುವ ಹಾಗಿಲ್ಲ. ಆ ದಿನ ಊರಿನವರು ಯಾರಾದರೂ ಬಂದು ಕೈಯಾರೆ ಮಾಡುವ ಒಂದು ಕೆಲಸ ಕಲಿಸಬೇಕು. ಹೋದ ಸಲ ಪಂಪ್ ರಿಪೇರಿಯವನೊಬ್ಬ ಬಂದು ಹಳೇ ಮೋಟರ್ ಬಿಚ್ಚಿ, ಮಕ್ಕಳ ಕೈಯಿಂದಲೇ ಮತ್ತೆ ಜೋಡಣೆ ಮಾಡಿಸಿದ್ದ. ಅದಕ್ಕೂ ಹಿಂದೆ ಒಬ್ಬ ಅಜ್ಜ ತೆಂಗಿನ ನಾರಿನಲ್ಲಿ ಹಗ್ಗ ಹೊಸೆಯುವುದನ್ನು ಕಲಿಸಿದ್ದ. ಈ ಸಲದ ಸರದಿ ನನ್ನದು. ವಿಷಯ: ಕರ್ಚೀಫಿಗೆ ಅಂಚು ಹೊಲಿಯುವುದು. ಕಾನ್ವೆಂಟಿನಲ್ಲಿ ಓದಿದವಳಲ್ಲವೇ, ಹೆಮ್ಮಿಂಗ್ ನನ್ನ ಜನ್ಮಸಿದ್ಧ ಹಕ್ಕು. ಅಷ್ಟಕ್ಕೇ ನಿಂತಿದ್ದರೆ ಈ ಬರಹದ ಅಗತ್ಯ ಬೀಳುತ್ತಿರಲಿಲ್ಲ.

ಸೋಮವಾರ ಸಂಜೆ ಹೆಡ್‌ಮಿಸ್ ಗಿರಿಜಾ ಮನೆಗೆ ಬಂದರು. ಮಕ್ಕಳನ್ನು ದೇವಸ್ಥಾನಕ್ಕೆ ನಡೆಸಿಕೊಂಡು ಹೋಗಿದ್ದರಂತೆ. ನಾಲ್ಕನೇ ಕ್ಲಾಸಿನಲ್ಲಿ ಸಿಂಚನ ಎಂಬ ಹುಡುಗಿ. ಶಾಲೆಗೆ ಸೇರಿ ಮೂರು ವರ್ಷ ದಾಟಿದರೂ ಹೆಸರು ಕರೆದರೆ "ಹಾಜರ್ ಮಿಸ್" ಎನ್ನುವುದನ್ನು ಬಿಟ್ಟು ತಾನಾಗಿ ಒಂದು ಮಾತು ಆಡಿದವಳಲ್ಲ. ಆ ಮಗು ಒಂದು ಕಂಬದ ಮುಂದೆ ನಿಂತುಬಿಟ್ಟು, ಇದನ್ನು ಇಷ್ಟು ರೌಂಡಾಗಿ ಹೆಂಗೆ ಮಾಡಿದ್ರು ಎಂದು ಕೇಳಿತಂತೆ. ಪಕ್ಕದಲ್ಲಿದ್ದ ಯಾರದೋ ಗೈಡು, ಕಲ್ಲನ್ನು ತಿರುಗಿಸಿ ತಿರುಗಿಸಿ ಕಡೆದರು ಎಂದನಂತೆ. "ಹೆಂಗೆ ತಿರುಗ್ಸಿದ್ರು?" ಎಂದು ಮಗು ಅದನ್ನೇ ಮತ್ತೆ ಕೇಳಿತಂತೆ. ಗೈಡು ತನ್ನ ಟೂರಿಸ್ಟುಗಳ ಹಿಂದೆ ಹೋಗಿಬಿಟ್ಟನಂತೆ.

"ನಂಗೂ ಗೊತ್ತಿಲ್ಲ ಮೇಡಂ. ಆದ್ರೆ ಅದು ಅವ್ಳ ಮೊದಲ್ನೇ ಪ್ರಶ್ನೆ," ಎಂದರು ಗಿರಿಜಾ. "ಇದಕ್ಕೆ ಉತ್ತರ ಸಿಗ್ಲಿಲ್ಲ ಅಂದ್ರೆ ಎರಡನೇದು ಕೇಳೋದೇ ಇಲ್ಲ ಆ ಹುಡುಗಿ."

ಅವರು ಬಂದದ್ದು ನಮ್ಮ ಯಜಮಾನರಿಗೆ ಪರಿಚಯದ ಇಂಜಿನಿಯರ್ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಲು. ನಾನು ಅವರ ಮಾತನ್ನು ಅರ್ಧಕ್ಕೇ ತಡೆದು, "ಲೀವ್ ಇಟ್ ಟು ಮಿ," ಎಂದೆ. ಇಂಗ್ಲಿಷಿನಲ್ಲಿ ಹೇಳಿದ್ದರಿಂದ ನನಗೇ ಧೈರ್ಯ ಬಂತು.

ನಮ್ಮ ಯಜಮಾನರು ರೆವೆನ್ಯೂ ಇಲಾಖೆಯಲ್ಲಿ ಹೆಡ್‌ಕ್ಲರ್ಕ್ ಆಗಿ ರಿಟೈರ್ ಆದವರು. ಯಾವುದನ್ನೇ ಆಗಲಿ ಮೊದಲು ಪೂರ್ತಿ ಕೇಳಿಸಿಕೊಂಡು, ಆಮೇಲೆ ತಿರಸ್ಕರಿಸುವುದು ಅವರ ಪದ್ಧತಿ. ನನ್ನ ಪ್ಲಾನ್ ಕೇಳಿದರು. ಕಲ್ಲಿನ ಬದಲು ಉದ್ದನೆಯ ಚೌಕ ಸೋಪಿನ ಬಾರು. ಅದನ್ನು ಹೊಲಿಗೆ ಮೆಷಿನ್ನಿನ ಗಾಲಿಗೆ ಸಿಕ್ಕಿಸುವುದು. ಪೆಡಲ್ ತುಳಿದರೆ ಗಾಲಿ ತಿರುಗುತ್ತದೆ, ಸೋಪು ತಿರುಗುತ್ತದೆ, ಚಾಕು ಹಿಡಿದರೆ ಚೌಕ ಹೋಗಿ ದುಂಡಗಾಗುತ್ತದೆ. ಸಿಂಪಲ್!

"ಮಿಕ್ಸಿ ಜಾರ್ ಕೂರ್ಸೋದಕ್ಕೆ ನನ್ನ ಕರೀತೀಯ ಕಣೇ ನೀನು," ಎಂದರು.

ಅದು ಬೇರೆ, ಇದು ಬೇರೆ ಎಂದೆ.

"ನಂದೇನೂ ತಕರಾರಿಲ್ಲ. ಆದ್ರೆ ಇದಕ್ಕೆ ನನ್ನ ಒಪ್ಪಿಗೆ ಇರ್ಲಿಲ್ಲ ಅಂತ ಒಂದು ಷರಾ ಬರ್ದಿಟ್ಕೋ."

ಮಾರನೇ ದಿನ ಮರಗೆಲಸದ ಪುಟ್ಟಾಚಾರಿಯನ್ನು ಕರೆಸಿದೆ. ಅವನು ಮೆಷಿನ್ನಿನ ಕೈಗಾಲಿಗೆ ತಂತಿ ಸುತ್ತಿ ಒಂದು ಮರದ ಬಿಲ್ಲೆ ಕೂರಿಸಿದ. ಬಿಲ್ಲೆಗೆ ನಾಲ್ಕು ಮೊಳೆ, ಮೊಳೆಗೆ ಸೋಪಿನ ಒಂದು ತುದಿ. ಇನ್ನೊಂದು ತುದಿಗೆ, ಪಕ್ಕದ ಸ್ಟೂಲಿನ ಮೇಲೆ ಒಂದು ಮೊಳೆಯ ಆಸರೆ. ಕೆಲಸ ಮುಗಿಸಿ, ಗಾಲಿ ತಿರುಗಿದರೆ ಸೂಜಿಯೂ ಕುಣಿಯುತ್ತದಲ್ಲ, ಸೂಜಿ ದಾರ ಬಿಚ್ಚಿಡುವುದು ಬೇಡವೇ ಎಂದು ಕೇಳಿದ. ಮೈನರ್ ಡೀಟೇಲ್ ಎಂದೆ. ಕೈಯಲ್ಲೇ ಗಾಲಿಯನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ ಚಾಕು ತಾಗಿಸಿದೆ. ಸೋಪಿನ ಒಂದು ಅಂಚು ಸುರುಳಿಯಾಗಿ ಎದ್ದು ಬಂತು. ಟ್ರಯಲ್ ಸಕ್ಸೆಸ್ ಎಂದು ಘೋಷಿಸಿ, ಕಾಫಿ ಕುಡಿದು ಮಲಗಿದೆ.

ಶನಿವಾರ ಬೆಳಿಗ್ಗೆ ಡೈರಿಗೆ ಹೋಗುವ ಟೆಂಪೋದಲ್ಲಿ ಹಾಲಿನ ಕ್ಯಾನುಗಳ ಮಧ್ಯೆ ನನ್ನ ಮೆಷಿನ್ನು ಶಾಲೆ ತಲುಪಿತು. ಹಿಂದೆಯೇ ನಾನು, ನಾನು ಬೇಡವೆಂದರೂ ನಮ್ಮ ಯಜಮಾನರು. ಶಾಲೆಯ ಜಗಲಿಯ ಮೇಲೆ ಮೆಷಿನ್ನು, ಅಂಗಳದಲ್ಲಿ ಸಾಲಾಗಿ ಮಕ್ಕಳು. ಮೊದಲ ಸಾಲಿನ ಮೂಲೆಯಲ್ಲಿ ಎರಡು ಜಡೆಯ ಒಂದು ಸಣ್ಣ ಹುಡುಗಿ, ಮೊಣಕಾಲು ತಬ್ಬಿಕೊಂಡು, ಕಣ್ಣು ಮಿಟುಕಿಸದೆ ಸೋಪನ್ನೇ ನೋಡುತ್ತಿತ್ತು. ಕೇಳದೆಯೇ ಗೊತ್ತಾಯಿತು, ಅವಳೇ ಸಿಂಚನ. ಅಡುಗೆಮನೆಯ ಬಾಗಿಲಲ್ಲಿ ಬಿಸಿಯೂಟದ ಸಿದ್ದಮ್ಮ ಉಪ್ಪಿಟ್ಟಿನ ದೊಡ್ಡ ಡಬರಿಯನ್ನು ಇಳಿಸಿ, ಆರಲಿ ಎಂದು ಮುಚ್ಚಳ ತೆಗೆದಿಟ್ಟು, ತಾನೂ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನೋಡಲು ನಿಂತಳು.

ಮುಚ್ಚಳ ತೆಗೆದಿಟ್ಟಿದ್ದಳು ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ನಾನು ಸಣ್ಣದೊಂದು ಭಾಷಣ ಮಾಡಿದೆ. ಡಿಯರ್ ಚಿಲ್ಡ್ರನ್ ಎಂದು ಶುರು ಮಾಡಿ, ಒಂಬೈನೂರು ವರ್ಷದ ಹಿಂದಿನ ಶಿಲ್ಪಿಗಳಿಗೂ ನನಗೂ ಇರುವ ವ್ಯತ್ಯಾಸ ಬರೀ ಮೆಟೀರಿಯಲ್ಲಿನದು ಎಂಬರ್ಥ ಬರುವಂತೆ ಮುಗಿಸಿದೆ. ಆಮೇಲೆ ಮೆಷಿನ್ನಿನ ಮುಂದೆ ಕುರ್ಚಿಯಲ್ಲಿ ಕುಳಿತೆ. ಬೆನ್ನು ನೆಟ್ಟಗೆ, ಎರಡೂ ಪಾದ ಪೆಡಲಿನ ಮೇಲೆ. ಕಾನ್ವೆಂಟಿನಲ್ಲಿ ಹೊಲಿಗೆಯ ಸಿಸ್ಟರ್ ಕಲಿಸಿದ ಪೋಸ್ಚರ್ ಎಪ್ಪತ್ತೊಂದನೇ ವಯಸ್ಸಿನಲ್ಲೂ ನನ್ನನ್ನು ಕೈಬಿಟ್ಟಿಲ್ಲ. ಎಡಗೈಯನ್ನು ಟೇಬಲ್ಲಿಗೂರಿ, ಬಲಗೈಯಲ್ಲಿ ಚಾಕು ಹಿಡಿದು ಬಲಕ್ಕೆ ಬಾಗಿ, ತುಳಿದೆ.

ಈ ಮೆಷಿನ್ನಿನ ಕೆಳಗಡೆ ದೊಡ್ಡ ಗಾಲಿ, ಮೇಲ್ಗಡೆ ಸಣ್ಣ ಗಾಲಿ. ಕೆಳಗಿನದು ಒಂದು ಸುತ್ತು ಬರುವುದರೊಳಗೆ ಮೇಲಿನದು ನಾಲ್ಕೈದು ಸುತ್ತು ಬಂದಿರುತ್ತದೆ. ಐವತ್ತು ವರ್ಷದಿಂದ ಅದರ ಮುಂದೆ ಕೂತವಳಿಗೆ ಈ ಸಂಗತಿ ಹೊಳೆದದ್ದು ಸೋಪು ಕಣ್ಣಿಗೆ ಕಾಣದಾದಾಗ. ಅದು ಬಿರ್ರನೆ ತಿರುಗುತ್ತ ಬರೀ ನೀಲಿ ಮಬ್ಬಾಗಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ನಾನು ಇನ್ನೂ ಜೋರಾಗಿ ತುಳಿದೆ. ಚಾಕು ತಾಗಿಸಿದೆ.

ಟಪ್ ಎಂದಿತು.

ಮೊಳೆಯಲ್ಲಿ ಸೋಪಿನ ಒಂದು ಚೂರು ಮಾತ್ರ ಉಳಿದಿತ್ತು. ಮಿಕ್ಕದ್ದು ನನ್ನ ಕಿವಿಯ ಪಕ್ಕದಿಂದ ಹಾದು, ಅಂಗಳವನ್ನು ದಾಟಿ, ಸುತ್ತಮುತ್ತ ಬೀಳುವುದಕ್ಕೆ ಅಷ್ಟೊಂದು ನೆಲವಿದ್ದರೂ ಎಲ್ಲವನ್ನೂ ಬಿಟ್ಟು ಉಪ್ಪಿಟ್ಟಿನ ಡಬರಿಯೊಳಕ್ಕೆ ನೆಟ್ಟಗೆ ಇಳಿಯಿತು.

ಸಿದ್ದಮ್ಮ ಡಬರಿಯೊಳಕ್ಕೆ ಬಗ್ಗಿ ನೋಡಿದಳು. "ಒಳ್ಳೇದಾಯ್ತು ಬಿಡಿ ಅಮ್ಮಾರೆ," ಎಂದಳು. "ಉಪ್ಪಿಟ್ಟೂ ಆಗೈತೆ, ಪಾತ್ರೆ ತೊಳ್ಯೋ ಸೋಪೂ ಒಳಗೇ ಬಂದೈತೆ."

ಕ್ಷಮೆ ಕೇಳಬೇಕೆಂದು ತಟ್ಟನೆ ಎದ್ದೆ. ಏಳಲಾಗಲಿಲ್ಲ. ಬಲಕ್ಕೆ ಬಾಗಿದಾಗ ಸೆರಗು ಸೂಜಿಯ ಕೆಳಕ್ಕೆ ಜಾರಿ, ಆ ಮೈನರ್ ಡೀಟೇಲು ಅದನ್ನು ಒಂದೇ ಜಾಗದಲ್ಲಿ ಮೂವತ್ತು ನಲವತ್ತು ಸಲ ಹೊಲಿದುಹಾಕಿತ್ತು! ಅರ್ಧ ಎದ್ದು, ಅರ್ಧ ಬಗ್ಗಿ, ಮೆಷಿನ್ನಿಗೆ ನಮಸ್ಕಾರ ಮಾಡುವ ಭಂಗಿಯಲ್ಲಿ ನಿಂತೆ. ನಮ್ಮ ಯಜಮಾನರು ಜೇಬಿನಿಂದ ಕತ್ತರಿ ತೆಗೆದರು. ಮನೆಯಿಂದಲೇ ತಂದಿದ್ದರು! ನನ್ನ ಮೇಲೆ ಅವರಿಗಿರುವ ನಂಬಿಕೆಗೆ ಇದಕ್ಕಿಂತ ಬೇರೆ ದಾಖಲೆ ಬೇಕೆ?

ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬನಿಗೆ ಹಸಿವು ನೆನಪಾಯಿತು. "ಇವ್ಳು ಕೇಳ್ದೇ ಇದ್ದಿದ್ರೆ ಉಪ್ಪಿಟ್ಟು ಉಳೀತಿತ್ತು," ಎಂದು ಸಿಂಚನಳ ಕಡೆ ಕೈ ತೋರಿಸಿದ. ಇನ್ನಿಬ್ಬರು ಹೌದು ಹೌದು ಎಂದರು. ಆ ಮಗು ಎದ್ದು ಹೋಗಿ ಜಗಲಿಯ ಕಂಬದ ಹಿಂದೆ ನಿಂತುಕೊಂಡಿತು. ಗಿರಿಜಾ ನನ್ನನ್ನು ಒಮ್ಮೆ ನೋಡಿದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಈಗ ನಗುವ ಮನಸ್ಸಾಗುತ್ತಿಲ್ಲ, ಒಂದು ಮಾತು ಹೇಳಿಬಿಡುತ್ತೇನೆ. ಅಷ್ಟೇ ವಯಸ್ಸಿನಲ್ಲಿ ನಾನೂ ಒಂದು ಪ್ರಶ್ನೆ ಕೇಳಿದ್ದೆ. ಕೈಸೂಜಿಗೆ ಕಣ್ಣು ಹಿಂದುಗಡೆ ಇರುತ್ತದೆ, ಮೆಷಿನ್ ಸೂಜಿಗೆ ಮಾತ್ರ ಮೊನೆಯ ಹತ್ತಿರ ಏಕೆ ಎಂದು. ಗುಡ್ ಗರ್ಲ್ಸ್ ಫಿನಿಶ್ ದ ಹೆಮ್, ಎಂದರು ಸಿಸ್ಟರ್. ಕ್ಲಾಸೆಲ್ಲ ನಕ್ಕಿತು. ನಾನು ಹೆಮ್ ಮುಗಿಸಿದೆ. ಆಮೇಲೆ ಆರು ವರ್ಷ ಆ ಕಾನ್ವೆಂಟಿನಲ್ಲಿದ್ದರೂ ಕೈ ಎತ್ತಲಿಲ್ಲ. ಕಂಬದ ಹಿಂದಿನಿಂದ ಕಾಣುತ್ತಿದ್ದ ಆ ಒಂದು ಜಡೆಯನ್ನು ನೋಡಿ, ಹಾಳು ಸೋಪು ನನ್ನ ತಲೆಗಾದರೂ ಬೀಳಬಾರದಿತ್ತೇ ಅನ್ನಿಸಿತು.

ಮೊದಲು ಹೊಟ್ಟೆಯ ಪಾಡು. ಸಿದ್ದಮ್ಮ ಶಾಲೆಯ ಹಿಂಗೋಡೆಯ ಮೇಲಿಂದ ಊರಿನ ಕಡೆಗೆ ಒಂದು ಕೂಗು ಹಾಕಿದಳು, ಅಷ್ಟೇ. ಯಾರೂ ಏಕೆ, ಏನು ಎಂದು ಕೇಳಲಿಲ್ಲ. ಹತ್ತು ನಿಮಿಷಕ್ಕೆ ಒಬ್ಬಾಕೆ ಅಕ್ಕಿರೊಟ್ಟಿಯ ಬುಟ್ಟಿ ಹಿಡಿದು ಬಂದಳು, ಇನ್ನೊಬ್ಬಾಕೆ ಮೊಸರಿನ ಪಾತ್ರೆ, ಮತ್ತೊಬ್ಬಾಕೆ ಹುಚ್ಚೆಳ್ಳು ಚಟ್ನಿ. ತಮ್ಮ ಮನೆಯ ಮಧ್ಯಾಹ್ನದ ಊಟವನ್ನೇ ಎತ್ತಿಕೊಂಡು ಬಂದಿದ್ದರು. ಪುಣ್ಯಾತ್ಗಿತ್ತಿಯರು. ಅವತ್ತಿನಷ್ಟು ರುಚಿಯಾದ ರೊಟ್ಟಿ ನಾನು ತಿಂದಿಲ್ಲ. ಅವತ್ತಿನಷ್ಟು ತಲೆ ತಗ್ಗಿಸಿಕೊಂಡೂ ತಿಂದಿಲ್ಲ.

ರೊಟ್ಟಿ ಬಡಿಸುತ್ತ ಸಿದ್ದಮ್ಮ ನನ್ನ ಪಕ್ಕಕ್ಕೆ ಬಂದಳು. "ಅಮ್ಮಾರೆ, ನೀವು ಮಾಡಕ್ಕೆ ಹೊಂಟಿದ್ದಾದ್ರೂ ಏನು?" ಎಂದಳು. ಹೇಳಿದೆ. ಈ ಸಲ ಕನ್ನಡದಲ್ಲೇ ಹೇಳಿದೆ. ಅವಳು ರೊಟ್ಟಿಯ ಬುಟ್ಟಿ ಕೆಳಗಿಟ್ಟಳು.

"ತಿರುಗ್ಬೇಕು, ಅಷ್ಟೇ ತಾನೆ? ನಮ್ಮನೆ ಹಿತ್ಲಲ್ಲಿ ರಾಗಿ ಬೀಸೋ ಕಲ್ಲು ಐತೆ. ಅದು ನಿಮ್ಮ ಮೆಷಿನ್ ಥರ ಎಗರಾಡಲ್ಲ. ಬನ್ನಿ."

ಅವಳ ಮನೆ ಶಾಲೆಯ ಹಿಂದೆಯೇ. ನಲವತ್ತು ಮಕ್ಕಳೂ ಕೈ ತೊಳೆದು ಹಿಂದೆ ಬಂದರು. ಹಿತ್ತಲಿನಲ್ಲಿ ಬೀಸುವ ಕಲ್ಲು ಗೂಟದ ಸಮೇತ ಕೂತಿತ್ತು. ಈಗ ಅದರಲ್ಲಿ ಯಾರೂ ರಾಗಿ ಬೀಸುವುದಿಲ್ಲ, ಮದುವೆ ಶಾಸ್ತ್ರಕ್ಕೆ ಮಾತ್ರ ಅರಿಶಿನ ಹಚ್ಚುತ್ತಾರಂತೆ. ಮಕ್ಕಳು ಕೆರೆಯಂಗಳದ ಜೇಡಿಮಣ್ಣು ತಂದು ಮಿದ್ದು, ಮೇಲಿನ ಕಲ್ಲಿನ ನಡುವೆ ಒಂದು ಗೇಣು ಎತ್ತರಕ್ಕೆ ಚೌಕವಾಗಿ ನಿಲ್ಲಿಸಿದರು. ಇಬ್ಬರು ಗೂಟ ಹಿಡಿದು ತಿರುಗಿಸತೊಡಗಿದರು. ನನಗೆ ಹಳೆಯ ಉತ್ಸಾಹ ಮರಳಿ ಬಂತು. ಲುಕ್ ಹಿಯರ್, ಎನ್ನುತ್ತ ಚಾಕು ಹಿಡಿದು ಕೈ ಚಾಚಿದೆ. ಸುತ್ತು ಬಂದ ಗೂಟ ನನ್ನ ಗೆಣ್ಣಿಗೆ ಫಟ್ಟೆಂದು ಹೊಡೆಯಿತು. ಸಿಸ್ಟರು ಸ್ಕೇಲಿನಲ್ಲಿ ಹೊಡೆಯುತ್ತಿದ್ದ ಜಾಗಕ್ಕೇ!

ಸಿದ್ದಮ್ಮ ಗೂಟವನ್ನು ಕಿತ್ತಿಟ್ಟಳು. ಕಲ್ಲಿನ ಅಂಚು ಹಿಡಿದು ಕೈಯಿಂದಲೇ ತಳ್ಳಿ ಎಂದು ಮಕ್ಕಳಿಗೆ ಹೇಳಿದಳು. ನನ್ನ ಕೈಯಿಂದ ಚಾಕು ಕಿತ್ತುಕೊಂಡು, ಒಂದು ತೆಂಗಿನ ಕರಟದ ಚೂರನ್ನು ತಂದು ಸಿಂಚನಳ ಕೈಗೆ ಕೊಟ್ಟಳು. ಆ ಮಗು ಗುಂಪಿನ ಕೊನೆಯಲ್ಲಿ, ಬಾಗಿಲಿನ ಹತ್ತಿರ ನಿಂತಿತ್ತು.

"ಬಾ ಮಗ. ಕೇಳ್ದೋಳು ನೀನು, ನೀನೇ ಹಿಡ್ಕೋ. ನೀನು ಅಲ್ಲಾಡ್ಬೇಡ, ಅದೇ ತಿರುಗ್ಲಿ."

ನನ್ನ ಇಡೀ ಭಾಷಣದಲ್ಲಿ ಇಲ್ಲದ ವಿಜ್ಞಾನ ಆ ಕೊನೆಯ ಮಾತಿನಲ್ಲಿತ್ತು. ಸಿಂಚನ ಕುಕ್ಕರಗಾಲಿನಲ್ಲಿ ಕೂತು, ಕರಟದ ಅಂಚನ್ನು ಮಣ್ಣಿಗೆ ತಾಗಿಸಿ, ಉಸಿರು ಬಿಗಿಹಿಡಿದಳು. ಕಲ್ಲು ಗೊರಗೊರ ಎನ್ನುತ್ತ ನಿಧಾನಕ್ಕೆ ತಿರುಗಿತು. ಒಂದು ಮೂಲೆ ಹೋಯಿತು. ಇನ್ನೊಂದು ಹೋಯಿತು. ಚೌಕ ಮಾಯವಾಗಿ ದುಂಡು ನಿಂತಿತು. ಅವಳು ಕರಟವನ್ನು ತುಸು ಒಳಕ್ಕೆ ಒತ್ತಿದಳು. ನಡುವೆ ಒಂದು ಬಳೆ ಮೂಡಿತು, ಅದರ ಕೆಳಗೆ ಇನ್ನೊಂದು, ದೇವಸ್ಥಾನದ ಕಂಬಕ್ಕೆ ಇರುವಂಥದ್ದೇ. ಉಪ್ಪಿಟ್ಟಿನ ತಕರಾರು ತೆಗೆದಿದ್ದ ಹುಡುಗನೇ ಎಲ್ಲರಿಗಿಂತ ಜೋರಾಗಿ ಕಲ್ಲು ತಳ್ಳುತ್ತಿದ್ದ. ಗಿರಿಜಾ ಕನ್ನಡಕ ತೆಗೆದು ಒರೆಸಿಕೊಂಡರು. ನನ್ನದೂ ಮಂಜಾಗಿತ್ತು, ಆದರೆ ಗೆಣ್ಣು ಊದಿದ್ದರಿಂದ ತೆಗೆಯಲಾಗಲಿಲ್ಲ.

ಕಂಬ ಮುಗಿಯಿತು. ಸಿಂಚನ ಕರಟ ಕೆಳಗಿಟ್ಟು, ಮಣ್ಣು ಮೆತ್ತಿದ ಕೈಯನ್ನು ಲಂಗಕ್ಕೆ ಒರೆಸಿ, ತಲೆ ಎತ್ತಿ ನನ್ನನ್ನೇ ನೋಡಿದಳು.

"ಅಜ್ಜಿ, ಇದು ಇಷ್ಟ್ ಸುಲಭ ಐತಲ್ಲ. ನೀವ್ಯಾಕೆ ಮತ್ತೆ ಹೊಲಿಗೆ ಮೆಷಿನ್‌ನಲ್ಲಿ ಮಾಡಿದ್ರಿ?"

ಎರಡನೇ ಪ್ರಶ್ನೆ! ಗಿರಿಜಾ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಾನು ಬಾಯಿ ತೆರೆದೆ. ಹತ್ತು ವರ್ಷದ ಕಾನ್ವೆಂಟು, ಅರವತ್ತು ವರ್ಷದ ಇಂಗ್ಲಿಷು ಸೇರಿ ಹೊರಡಿಸಿದ್ದು ಎರಡೇ ಶಬ್ದ. "ಗುಡ್ ಕ್ವೆಶ್ಚನ್," ಎಂದೆ. ನಮ್ಮ ಯಜಮಾನರು ಹಿಂದಿನಿಂದ ಕೆಮ್ಮಿದರು.

ಮೊನ್ನೆ ಗಿರಿಜಾ ಫೋನ್ ಮಾಡಿ, ಬರುವ ಶನಿವಾರವೂ ದಯವಿಟ್ಟು ಬರಬೇಕು ಎಂದರು. ನನಗೆ ಆದ ಸಂತೋಷ ಹೇಳತೀರದು. ಏನು ಮಾಡಿ ತೋರಿಸಲಿ, ಎಷ್ಟು ಸಾಮಾನು ತರಲಿ ಎಂದು ಕೇಳಿದೆ.

"ಏನೂ ಮಾಡ್ಬೇಡಿ ಮೇಡಂ. ಸುಮ್ನೆ ಬಂದು ಕೂತ್ಕೊಳ್ಳಿ ಸಾಕು. ಸಿಂಚನ ನಿಮ್ಮನ್ನ ಇನ್ನೂ ಆರು ಪ್ರಶ್ನೆ ಕೇಳ್ಬೇಕಂತೆ, ಚೀಟಿ ಬರ್ಕೊಂಡಿದಾಳೆ. ಆರೂ ನಿಮ್ಮ ಮೆಷಿನ್ ಪ್ಲಾನ್ ಯಾಕೆ ಕೆಟ್ಟೋಯ್ತು ಅನ್ನೋದ್ರ ಬಗ್ಗೆನೇ."

ಹೋಗುತ್ತೇನೆ. ಖಂಡಿತ ಹೋಗುತ್ತೇನೆ. ಒಂದು ಮಗುವಿನ ಬಾಯಿ ತೆರೆಸಲು ಒಬ್ಬ ಪೆದ್ದಿಯ ಅವಶ್ಯಕತೆ ಇದೆಯೆಂದಾದರೆ, ಸದರಿ ಹುದ್ದೆಗೆ ನನಗಿಂತ ಕ್ವಾಲಿಫೈಡ್ ಕ್ಯಾಂಡಿಡೇಟು ಈ ತಾಲ್ಲೂಕಿನಲ್ಲಿ ಯಾರೂ ಇಲ್ಲ. ನಮ್ಮ ಯಜಮಾನರು ಈ ವಾಕ್ಯವನ್ನು ಓದಿ, ಇದಕ್ಕೆ ಮಾತ್ರ ತಮ್ಮ ಪೂರ್ಣ ಒಪ್ಪಿಗೆ ಇದೆ ಎಂದಿದ್ದಾರೆ.